ಹೊರಸಿನಿಂದ ಎದ್ದವರು

ಹೆತ್ತವಳು ಎಷ್ಟು ದಿನ ಹೊರಸು ಇಳಿಯಲಿಲ್ಲ ಎನ್ನುವುದರ ಮೇಲೆ ಮನೆತನದ ಅಳತೆ ಹಾಕುವುದು ನಮ್ಮ ಕಡೆ ಬಹಳ ಹಿಂದಿನಿಂದ ಬಂದ ರೂಢಿ. ಹೊಲಮನೆ ಉಳ್ಳವರ ಮಗಳು ಚೊಚ್ಚಲಕ್ಕೆ ತವರಿಗೆ ಬಂದಳೆಂದರೆ ಐದು ತಿಂಗಳ ಬಾಣಂತನ. ಎರಡನೆಯದಕ್ಕೆ ಮೂರು ತಿಂಗಳು. ಮುಸಲ್ಮಾನರ ಓಣಿಯಲ್ಲಿ ನಲವತ್ತು ದಿನದ ಲೆಕ್ಕ. ಕೂಲಿನಾಲಿ ಮಾಡುವವರ ಗುಡಿಸಲಲ್ಲಿ ಹನ್ನೆರಡು ದಿನ. ಸುಗ್ಗಿ ಬಿದ್ದರೆ ಅದೂ ಇಲ್ಲ, ಐದೇಶಿ ಮುಗಿಸಿ, ಸೆಟಿವಿಗೆ ಕೈ ಮುಗಿದು, ಕೂಸನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹೊಲಕ್ಕೆ ಹೋದವರನ್ನು ನಾನೇ ನೋಡಿದ್ದೇನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳಿಗೆ ಚರಿತ್ರೆಯ ಕೊರತೆಯಿಲ್ಲ. ಗವಿಮಠದ ಬೆಟ್ಟದ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಆನೆಗೊಂದಿಯ ವೈಭವವನ್ನಂತೂ ಹೇಳುವುದೇ ಬೇಡ. ರಾಜರು ಎಷ್ಟು ವರ್ಷ ಆಳಿದರು ಎಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಹೆತ್ತವರು ಎಷ್ಟು ದಿನ ಮಲಗಿದ್ದರು, ಮಲಗಲು ಸಿಗದವರ ಮೈ ಏನಾಯಿತು, ಮೈ ಕೆಟ್ಟವರು ಆಮೇಲಿನ ಇಪ್ಪತ್ತು ಮೂವತ್ತು ವರ್ಷ ಹೇಗೆ ದೂಡಿದರು ಎಂಬ ಲೆಕ್ಕ ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ. ಸರಕಾರ ಲೆಕ್ಕ ಇಡಲು ಶುರು ಮಾಡಿದಾಗಲೂ ಸತ್ತವರನ್ನು ಎಣಿಸಿತು. ಸತ್ತು ಬದುಕಿದವರನ್ನು ಯಾರೂ ಎಣಿಸಲಿಲ್ಲ. ಈ ಬರಹ ಅವರನ್ನು ಕುರಿತದ್ದು.

ಅವರ ಕಷ್ಟಕ್ಕೆ ನಮ್ಮ ಭಾಷೆಯಲ್ಲಿ ಹೆಸರುಗಳುಂಟು, ಆದರೆ ಎಲ್ಲವೂ ಪಿಸುಮಾತಿನವು. ಗರ್ಭಕೋಶ ಕೆಳಗಿಳಿದರೆ "ಮೈ ಜಾರೇತಿ" ಎನ್ನುವರು. ಸೋಂಕು ತಗಲಿ ಜ್ವರ ಏರಿದರೆ "ನಂಜು". ನಿಲ್ಲದ ಸ್ರಾವಕ್ಕೆ "ಬಿಳಿ ಸೆರಗು". ಇವುಗಳಲ್ಲಿ ತೀರ ಕಠಿಣವಾದದ್ದು ಮೂತ್ರ ಸೋರುವ ಕಾಯಿಲೆ. ಕೂಸಿನ ತಲೆ ಎರಡು ಮೂರು ದಿನ ದಾರಿಯಲ್ಲೇ ಸಿಕ್ಕಿಕೊಂಡರೆ ಅದರ ಒತ್ತಡಕ್ಕೆ ಮೂತ್ರಚೀಲದ ಗೋಡೆ ರಕ್ತವಿಲ್ಲದೆ ಸಾಯುತ್ತದೆ, ಕೆಲವು ದಿನಗಳ ಮೇಲೆ ಅಲ್ಲಿ ತೂತು ಬೀಳುತ್ತದೆ. ಕೂಸು ಬಹುತೇಕ ಉಳಿದಿರುವುದಿಲ್ಲ. ತಾಯಿ ಹಗಲೂ ರಾತ್ರಿ ಒದ್ದೆ. ಅಮೇರಿಕಾದ ಸಿಮ್ಸ್ ಎಂಬ ವೈದ್ಯ ಇದಕ್ಕೆ ಶಸ್ತ್ರಕ್ರಿಯೆ ಕಂಡುಹಿಡಿದದ್ದು 1840ರ ದಶಕದಲ್ಲಿ. ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಕರಿಯ ಗುಲಾಮ ಹೆಣ್ಣುಮಕ್ಕಳ ಮೈಮೇಲೆ, ಅರಿವಳಿಕೆ ಕೊಡದೆ, ಮತ್ತೆ ಮತ್ತೆ ಕತ್ತರಿಸಿ ಹೊಲಿದು ಕಲಿತ ವಿದ್ಯೆ ಅದು. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಹ್ಯಾಮ್ಲಿನ್ ದಂಪತಿಗಳು 1974ರಲ್ಲಿ ಇಂಥ ಹೆಂಗಸರಿಗೆಂದೇ ಆಸ್ಪತ್ರೆ ತೆರೆದರು. ನಮ್ಮ ಕಡೆ ಅಂಥವಳಿಗೆ ಸಿಗುತ್ತಿದ್ದುದು ದನದ ಕೊಟ್ಟಿಗೆಯ ಪಕ್ಕದ ಮೂಲೆ.

ನಮ್ಮ ನಾಲ್ಕು ತಾಲೂಕುಗಳ ಭೂಗೋಳವನ್ನು ಸ್ವಲ್ಪ ಹೇಳದೆ ಮುಂದಿನದು ತಿಳಿಯುವುದಿಲ್ಲ. 1948ರವರೆಗೆ ಇದು ನಿಜಾಮರ ಸೀಮೆ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಪಶ್ಚಿಮಕ್ಕೆ ಗದಗ ಮುಂಬಯಿ ಪ್ರಾಂತದ್ದು. ಹೊಳೆ ದಾಟಿದರೆ ಹೊಸಪೇಟೆ, ಬಳ್ಳಾರಿ ಮದರಾಸಿನವರದು. ಅಂದರೆ ಒಬ್ಬ ಬಸುರಿಗೆ ಕೂಸು ಅಡ್ಡ ಬಂದರೆ ಅವಳ ಸುತ್ತ ಮೂರು ಸರಕಾರಗಳಿದ್ದವು, ಕೈಗೆ ಮಾತ್ರ ಒಂದೂ ಎಟುಕುತ್ತಿರಲಿಲ್ಲ. ಇದೇ ನಿಜಾಮರ ರಾಜಧಾನಿಯಲ್ಲಿ 1888 ಮತ್ತು 1889ರಲ್ಲಿ ಕ್ಲೋರೋಫಾರ್ಮಿನ ಮೇಲೆ ಎರಡು ಆಯೋಗಗಳು ಕೂತು ಇಡೀ ಜಗತ್ತು ಚರ್ಚಿಸುವಂಥ ಪ್ರಯೋಗಗಳನ್ನು ನಡೆಸಿದವು. ಅಲ್ಲಿಯ ವೈದ್ಯಕೀಯ ಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದೂನ್‌ಜಿ ಅರಿವಳಿಕೆ ಕೊಡುವ ಮೊದಲ ಮಹಿಳಾ ವೈದ್ಯರೆಂದು ಹೆಸರಾದರು. ವಿಕ್ಟೋರಿಯಾ ರಾಣಿ 1853ರಲ್ಲೇ ಕ್ಲೋರೋಫಾರ್ಮ್ ಮೂಸಿ ಹೆತ್ತಿದ್ದಳು. ಲೇಡಿ ಡಫರಿನ್ ಹೆಸರಿನ ನಿಧಿ 1885ರಲ್ಲಿ ಹುಟ್ಟಿ ದೇಶದ ದೊಡ್ಡ ಊರುಗಳಲ್ಲಿ ಹೆಂಗಸರ ಆಸ್ಪತ್ರೆಗಳು ಎದ್ದವು. ಯಲಬುರ್ಗಾದ ಎರೆಭೂಮಿಯಲ್ಲಿ ನೋವು ತಿನ್ನುತ್ತಿದ್ದವಳಿಗೆ ಇದೆಲ್ಲ ಚಂದ್ರಲೋಕದ ಸುದ್ದಿ. ಉರ್ದು ನಮಗೆ ಬಿಟ್ಟುಹೋದದ್ದು "ದವಾಖಾನಿ" ಎಂಬ ಪದ. ಇಂದಿಗೂ ನಮ್ಮ ಬಾಯಿಗೆ ಆಸ್ಪತ್ರೆ ಎಂಬುದು ಸರಿಯಾಗಿ ಹತ್ತಿಲ್ಲ.

ಇದ್ದ ಒಂದು ದಾರಿಯೆಂದರೆ ರೈಲು. ಗದಗದಿಂದ ಕೊಪ್ಪಳದ ಮೇಲೆ ಬಳ್ಳಾರಿಗೆ ಹೋಗುವ ಹಳಿ ಬಿದ್ದದ್ದು 1880ರ ದಶಕದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಾಸೆಲ್ ಮಿಷನ್ನಿನವರು ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ತೆರೆದ ಮೇಲೆ, ಜನ ಅದನ್ನು ಜರ್ಮನ್ ದವಾಖಾನಿ ಎಂದು ಕರೆದರು, ಹಳಿಯ ಹತ್ತಿರದ ಊರಿನವರಿಗೆ ಒಂದು ಆಸರೆಯಾಯಿತು. ಹಳಿಯಿಂದ ದೂರ ಇದ್ದ ಕುಷ್ಟಗಿಯ ಹಳ್ಳಿಗಳಿಗೆ ಎತ್ತಿನ ಬಂಡಿಯೇ ಗತಿ. ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಬಸುರಿಯನ್ನು ಮಲಗಿಸಿಕೊಂಡು ಹೋಗುವುದು. ಅರ್ಧ ದಾರಿಯಿಂದ ತಿರುಗಿ ಬರುವುದು.

ಸೂಲಗಿತ್ತಿಯರನ್ನು ಬಯ್ಯುವುದು ಒಂದು ಕಾಲದಲ್ಲಿ ಓದಿದವರ ಚಟವಾಗಿತ್ತು. ಈಗ ಅವರನ್ನು ಹೊಗಳುವುದು ಚಟವಾಗಿದೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೂ ಸಂತೋಷವಾಯಿತು. ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದ ಕೈ ಅದು. ಆದರೆ ಎರಡೂ ಮಾತು ಪೂರ್ತಿ ನಿಜವಲ್ಲ. ಸೂಲಗಿತ್ತಿಗೆ ಕೂಸಿನ ನೆಲೆ ಹೊಟ್ಟೆಯ ಮೇಲೆ ಕೈಯಾಡಿಸಿದರೆ ತಿಳಿಯುತ್ತಿತ್ತು. ಹೆದರಿದವಳ ಬೆನ್ನು ನೀವಿ ಧೈರ್ಯ ಹೇಳುವುದು ತಿಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ಹೆರಿಗೆಯಾದ ಮೇಲೂ ಅವಳು ದಿನಾ ಬರುತ್ತಿದ್ದಳು; ಎಣ್ಣೆ ತಿಕ್ಕಿ, ನೀರು ಹಾಕಿ, ಹೊಟ್ಟೆ ಕಟ್ಟಿ, ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಟ್ಟು ಹೋಗುತ್ತಿದ್ದಳು. ಆದರೆ ರಕ್ತ ಹೊಳೆಯಂತೆ ಹರಿಯುವಾಗ ನಿಲ್ಲಿಸುವ ಉಪಾಯ ಅವಳಲ್ಲಿರಲಿಲ್ಲ, ಕೈಯ ಮೂಲಕ ನಂಜು ದಾಟುತ್ತದೆಂಬ ತಿಳಿವಳಿಕೆಯೂ ಇರಲಿಲ್ಲ. ಇದಕ್ಕಾಗಿ ಅವಳನ್ನಷ್ಟೇ ಹಳಿಯುವುದು ಯಾವ ನ್ಯಾಯ? ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್ ಎಂಬಾತ "ಹೆಣ ಕೊಯ್ದ ಕೈ ತೊಳೆದು ಬಾಣಂತಿಯನ್ನು ಮುಟ್ಟಿರಿ" ಎಂದದ್ದಕ್ಕೆ ಡಾಕ್ಟರುಗಳೇ ಅವನ ಮೇಲೆ ಮುನಿದರು. ನಂಜಿಗೆ ನಿಜವಾದ ಮದ್ದು, ಸಲ್ಫಾ, ಲಂಡನ್ನಿನ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರ ಜೀವ ಉಳಿಸಲು ಶುರುವಾದದ್ದು 1936ರಲ್ಲಿ. ಬಾಣಂತಿಗೆ ನೀರು ಕುಡಿಸಬಾರದು, ಬರೀ ಖಾರ-ಅನ್ನ ಕೊಡಬೇಕು ಎಂಬ ನಮ್ಮ ಕಟ್ಟುಪಾಡು ಮಾತ್ರ ಯಾವ ಲೆಕ್ಕಕ್ಕೂ ಒಳ್ಳೆಯದಲ್ಲ. ರಕ್ತ ಕಳೆದುಕೊಂಡವಳ ಬಾಯಿ ಒಣಗಿಸುವ ಆ ಪದ್ಧತಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನಮ್ಮ ಅಜ್ಜಿಯ ಮೈ ಜಾರಿದ್ದು ರಜಾಕಾರರ ಹಾವಳಿಯ ವರ್ಷ. 1948ರ ಆ ದಿನಗಳಲ್ಲಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಹಳ್ಳಿಗಳಿಂದ ಜನ ಗಡಿ ದಾಟಿ ಮುಂಬಯಿ ಪ್ರಾಂತಕ್ಕೆ ಓಡಿಹೋದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಆ ಶಿಬಿರಗಳಿಂದ ಹೊರಟು ಠಾಣೆಗಳ ಮೇಲೆ ದಾಳಿ ಮಾಡಿದ ಗಂಡಸರ ಹೆಸರುಗಳು ಪುಸ್ತಕಗಳಲ್ಲಿವೆ, ಇರಬೇಕಾದದ್ದೇ. ಗಡಿ ದಾಟಿದ ಬಸುರಿಯರ ಮಾತು ಆ ಪುಸ್ತಕಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅಜ್ಜಿ ಗಜೇಂದ್ರಗಡದ ದಾರಿಯಲ್ಲಿ, ಒಂದು ಹಳ್ಳದ ದಂಡೆಯಲ್ಲಿ, ಜಾಲಿಗಿಡದ ನೆರಳಲ್ಲಿ ಹೆತ್ತಳು. ಜೊತೆಗಿದ್ದ ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ಮಗು ಉಳಿಯಿತು. ರಾತ್ರಿಯಾಗುವುದರೊಳಗೆ ಎದ್ದು ನಡೆಯಬೇಕಾಯಿತು. ಹೊರಸೂ ಇಲ್ಲ, ಕೆಂಡವೂ ಇಲ್ಲ, ಒಂದು ಹೊತ್ತಿನ ಮಲಗುವಿಕೆಯೂ ಇಲ್ಲ.

ಸೆಪ್ಟೆಂಬರ್ 17ರ ಮೇಲೆ ಎಲ್ಲರೂ ಊರಿಗೆ ಮರಳಿದರು. ಸ್ವಾತಂತ್ರ್ಯ ಬಂತು, ಮರುವರ್ಷ ಜಹಗೀರು ರದ್ದಾಯಿತು. ಅಜ್ಜಿಯ ಮೈ ಮಾತ್ರ ಮೊದಲಿನಂತಾಗಲಿಲ್ಲ. ಕೊಡ ಎತ್ತಿದರೆ, ಕೆಮ್ಮಿದರೆ, ಗರ್ಭಕೋಶ ಹೊರಗೆ ಬರುತ್ತಿತ್ತು. ಅರಿವೆಯ ಉಂಡೆ ಮಾಡಿ ಒಳಗೆ ಒತ್ತಿ, ಲಂಗೋಟಿ ಬಿಗಿದು, ಐವತ್ತು ವರ್ಷ ಬಾಳುವೆ ಮಾಡಿದಳು. ನಾವು ಮೊಮ್ಮಕ್ಕಳಿಗೆ ಕಂಡದ್ದು, ಅಜ್ಜಿ ಎಂದೂ ನೀರು ಹೊರುವುದಿಲ್ಲ ಎಂಬುದು. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ನಾನು ದೊಡ್ಡವಳಾದ ಮೇಲೆ ಕೇಳಿ ತಿಳಿದುಕೊಂಡೆ. ಓಣಿಯಲ್ಲಿ ಇನ್ನಿಬ್ಬರಿಗೆ ಅದೇ ತೊಂದರೆಯಿತ್ತು. ಹೊಲದಲ್ಲಿ ಮುಯ್ಯಿ ಆಳು ಇದ್ದಂತೆ ಇವರು ನೀರಿನ ಮುಯ್ಯಿ ಮಾಡಿಕೊಂಡರು. ಗಟ್ಟಿ ಮೈಯವರು ಇವರ ಮನೆಗೆ ಎರಡೆರಡು ಕೊಡ ತಂದು ಹಾಕುವುದು, ಇವರು ಕೂತು ಅವರ ಅಕ್ಕಿ-ಜೋಳ ಹಸನು ಮಾಡಿಕೊಡುವುದು, ಅವರ ಕೂಸುಗಳನ್ನು ನೋಡಿಕೊಳ್ಳುವುದು, ಕೌದಿ ಹೊಲಿದುಕೊಡುವುದು. ಏಕೆ ಏನು ಎಂದು ಗಂಡಸರು ಕೇಳಲಿಲ್ಲ, ಹೆಂಗಸರು ಹೇಳಲಿಲ್ಲ. ಅಜ್ಜಿಯನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಆ ಎರಡು ಕೊಡ ನೀರು ನೆನಪಾಗುತ್ತದೆ.

1950ರ ದಶಕದಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದು, ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದು, ಗಂಗಾವತಿ ಭತ್ತದ ಕಣಜವಾಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಕ್ಕಿ ಗಿರಣಿಗಳ ಊರು ಬೆಳೆಯಿತು. ನೀರು ಬಂದರೆ ಹೆಂಗಸಿನ ಭಾರ ಇಳಿಯುತ್ತದೆಂದು ನಾವು ತಿಳಿದುಕೊಳ್ಳುತ್ತೇವೆ. ಆದರೆ ಭತ್ತದ ನಾಟಿ ಹೆಂಗಸರ ಕೆಲಸ, ಸೊಂಟ ಬಗ್ಗಿಸಿ ಕೆಸರಲ್ಲಿ ಇಡೀ ದಿನ. ನಾಟಿ ತಿಥಿ ನೋಡಿ ಕಾಯುವುದಿಲ್ಲ. ಬಸುರಿಯೂ ಹೋದಳು, ಹಸಿ ಬಾಣಂತಿಯೂ ಹೋದಳು. ಇತ್ತ ಕುಷ್ಟಗಿ, ಯಲಬುರ್ಗಾ ಒಣಗಿಯೇ ಉಳಿದವು. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ, ಮಂಗಳೂರಿಗೋ, ಬೆಂಗಳೂರಿಗೋ ಗುಳೆ. ಕಟ್ಟಡದ ಕೆಲಸದ ಜಾಗದಲ್ಲಿ ಹೆತ್ತವಳಿಗೆ ತವರೆಲ್ಲಿಯದು? ಊರಲ್ಲಿ ಉಳಿದವರಿಗೆ ಕೊಳವೆಬಾವಿಯ ನೀರು ಬಂತು, ಅದರ ಜೊತೆ ಫ್ಲೋರೈಡೂ ಬಂತು. ಮೇಲಿಂದ ಮೇಲೆ ಹೆತ್ತು ಎಲುಬಿನ ಸುಣ್ಣ ಕಳೆದುಕೊಂಡವರಿಗೆ ಅದು ಇನ್ನೂ ಬೇಗ ಹಿಡಿಯುತ್ತದೆ. ನಲವತ್ತಕ್ಕೇ ಗೋಡೆ ಹಿಡಿದು ಏಳುವ ಹೆಂಗಸರನ್ನು ನಮ್ಮ ಕಡೆಯ ಯಾವ ಹಳ್ಳಿಯಲ್ಲೂ ನೋಡಬಹುದು.

ಇನ್ನು ನಮ್ಮ ಅತ್ತೆಯ, ಅಂದರೆ ತಂದೆಯ ತಂಗಿಯ, ಸಂಗತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಓದುವ ನಿಮ್ಮಲ್ಲಿ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಅತ್ತೆಯನ್ನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. 1966ರಲ್ಲಿ ಮೂರನೆಯ ಹೆರಿಗೆ, ಅತ್ತೆಮನೆಯಲ್ಲೇ. ಕೂಸು ಹುಟ್ಟಿತು, ಮಾಸು ಬೀಳಲಿಲ್ಲ. ರಕ್ತ ಹರಿದು ಹೊರಸಿನ ಹಗ್ಗವೆಲ್ಲ ತೊಯ್ದವಂತೆ. ಅವಳಿಗೆ ಪ್ರಜ್ಞೆ ತಪ್ಪಿತು. ಸತ್ತಳೆಂದೇ ತಿಳಿದು ತವರಿಗೆ ಆಳು ಕಳಿಸಿದ್ದರು. ನಸುಕಿನಲ್ಲಿ ಕಣ್ಣು ಬಿಟ್ಟಳು. ಹುಲಿಗೆಮ್ಮನಿಗೆ ಹರಕೆ ಒಪ್ಪಿಸಿ ಬಂದದ್ದಾಯಿತು, ಊರೆಲ್ಲ ಮರುಹುಟ್ಟು ಎಂದಿತು.

ಆದರೆ ಎದ್ದವಳು ಮೊದಲಿನ ಹೆಂಗಸಾಗಿರಲಿಲ್ಲ. ಎದೆಯಲ್ಲಿ ಹನಿ ಹಾಲು ಬರಲಿಲ್ಲ. ಕೂಸನ್ನು ನೆಗೆಣ್ಣಿ ತನ್ನ ಕೂಸಿನೊಡನೆ ಮೊಲೆಯೂಡಿ ಸಾಕಿದಳು. ಮುಟ್ಟು ನಿಂತೇ ಹೋಯಿತು, ಆಗ ಅವಳಿಗೆ ಇನ್ನೂ ಇಪ್ಪತ್ತಾರು. ಹುಬ್ಬು, ಕಂಕುಳದ ಕೂದಲು ಉದುರಿದವು. ಮೈ ಬಿಳಿಚಿಕೊಂಡಿತು. ಏಪ್ರಿಲ್ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂರುವಳು. ಸಣ್ಣ ಜ್ವರ, ಸಣ್ಣ ವಾಂತಿ ಬಂದರೂ ನಾಡಿ ಸಿಗದಂತೆ ಬಿದ್ದುಬಿಡುವಳು. ಗಾಳಿ ಎಂದರು, ದೃಷ್ಟಿ ಎಂದರು, ಯಂತ್ರ ಕಟ್ಟಿಸಿದರು. ಹತ್ತಿರದ ಊರಿನ ಒಂದು ದವಾಖಾನಿಯಲ್ಲಿ ಪ್ರತಿ ಸಲ ಟಾನಿಕ್ ಕೊಟ್ಟು ಕಳಿಸಿದರು, ಒಮ್ಮೆ "ಈಕಿಗೆ ಕೆಲಸ ಮಾಡಾಕ ಮನಸಿಲ್ಲ" ಎಂದೂ ಹೇಳಿದರು. ಆ ಮಾತು ಮನೆಯಲ್ಲಿ ಬೇರು ಬಿಟ್ಟಿತು. ಮೈಗಳ್ಳಿ ಎಂಬ ಹೆಸರಿನೊಡನೆ ಅವಳು ಇಪ್ಪತ್ತಮೂರು ವರ್ಷ ಕಳೆದಳು. ನಾವು ಓದಿದ ಹುಡುಗಿಯರೂ ಅವಳನ್ನು ನೋಡಿ ಅಯ್ಯೋ ಎನ್ನುತ್ತಿದ್ದೆವೇ ಹೊರತು ಬೇರೇನೂ ಹೊಳೆಯುತ್ತಿರಲಿಲ್ಲ.

1989ರಲ್ಲಿ ಭೇದಿ ಹತ್ತಿ ಅತ್ತೆ ಮತ್ತೆ ಬಿದ್ದಾಗ, ಮಗ ಅವಳನ್ನು ತಳಕಲ್ಲಿನಲ್ಲಿ ರೈಲು ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗ ಡಾಕ್ಟರು ಹಾಸಿಗೆಯ ಪಕ್ಕ ಕೂತು, ಭೇದಿಯ ಮಾತು ಬಿಟ್ಟು, ಕೊನೆಯ ಹೆರಿಗೆಯ ಕಥೆ ಕೇಳಿದ. ಹಾಲು ಬಂದಿತ್ತೇ ಎಂದು ಕೇಳಿದ. ಮುಟ್ಟು ಯಾವಾಗ ನಿಂತಿತು ಎಂದು ಕೇಳಿದ. ಇಪ್ಪತ್ತಮೂರು ವರ್ಷದಲ್ಲಿ ಆ ಎರಡು ಪ್ರಶ್ನೆಗಳನ್ನು ಅವಳಿಗೆ ಒಬ್ಬರೂ ಕೇಳಿರಲಿಲ್ಲ. ರಕ್ತ ಪರೀಕ್ಷೆಯಾಯಿತು. ಕಾಯಿಲೆಗೆ ಹೆಸರು ಸಿಕ್ಕಿತು.

ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ, ಪಿಟ್ಯುಟರಿ. ಹಾಲು, ಮುಟ್ಟು, ಮೈಯ ಕಾವು, ಕಷ್ಟ ಬಂದಾಗ ತಡೆದುಕೊಳ್ಳುವ ಕಸುವು ಎಲ್ಲಕ್ಕೂ ಅಲ್ಲಿಂದಲೇ ಅಪ್ಪಣೆ. ಬಸುರಿಯಲ್ಲಿ ಅದು ಊದಿಕೊಂಡು ದೊಡ್ಡದಾಗುತ್ತದೆ, ಹೆಚ್ಚು ರಕ್ತ ಬೇಡುತ್ತದೆ. ಸರಿಯಾಗಿ ಆ ಹೊತ್ತಿಗೆ ಹೆರಿಗೆಯಲ್ಲಿ ರಕ್ತವೆಲ್ಲ ಹರಿದುಹೋಗಿ ಒತ್ತಡ ಕುಸಿದರೆ ಗ್ರಂಥಿ ಸಾಯುತ್ತದೆ. ತಾಯಿ ಬದುಕುತ್ತಾಳೆ, ಅಪ್ಪಣೆ ಕೊಡುವವರಿಲ್ಲದ ಮೈಯೊಳಗೆ. ಇಂಗ್ಲೆಂಡಿನ ಹೆರಾಲ್ಡ್ ಶೀಹನ್ ಎಂಬ ವೈದ್ಯ 1937ರಲ್ಲಿ ಇದನ್ನು ವಿವರಿಸಿದ್ದರಿಂದ ಶೀಹನ್ ಕಾಯಿಲೆ ಎನ್ನುತ್ತಾರೆ. ಹೆರಿಗೆಯಲ್ಲಿ ರಕ್ತ ಕೊಡುವ ವ್ಯವಸ್ಥೆ ಬಂದ ಶ್ರೀಮಂತ ದೇಶಗಳಲ್ಲಿ ಇದು ಅಪರೂಪವಾಯಿತು. ನಮ್ಮಲ್ಲಿ ಹಾಗಲ್ಲ. ಕಾಶ್ಮೀರದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇದು ಇತ್ತು, ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಹೆತ್ತವರು. ನಮ್ಮ ಜಿಲ್ಲೆಯ ಮೈಗಳ್ಳಿಯರನ್ನು ಯಾರಾದರೂ ಹಾಗೆ ಎಣಿಸಿದ್ದರೆ!

ಅತ್ತೆಗೆ ಕೊಟ್ಟದ್ದು ಎರಡು ಬಗೆಯ ಗುಳಿಗೆ. ಮೊದಲು ಸ್ಟೀರಾಯ್ಡಿನದು, ಕೆಲವು ದಿನಗಳ ನಂತರ ಥೈರಾಯ್ಡಿನದು. ಈ ಕ್ರಮ ತಲೆಕೆಳಗಾದರೆ ಜೀವಕ್ಕೇ ಅಪಾಯ. ಜ್ವರ ಬಂದ ದಿನ ಸ್ಟೀರಾಯ್ಡ್ ದುಪ್ಪಟ್ಟು, ವಾಂತಿಯಾದರೆ ತಡಮಾಡದೆ ಇಂಜೆಕ್ಷನ್, ಎಂದಿಗೂ ತಾನಾಗಿ ಬಿಡುವಂತಿಲ್ಲ. ತಿಂಗಳೊಳಗೆ ಕಂಬಳಿ ಬಿಟ್ಟಳು. ಮೂರು ತಿಂಗಳಿಗೆ ರೊಟ್ಟಿ ಬಡಿದಳು. ಹರಿದ ಹೆಸರನ್ನು ಹೊಲಿದುಕೊಳ್ಳುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ಅವಳ ಅತ್ತೆ, ಆಗ ತೀರ ಮುದುಕಿ, ಒಂದು ದಿನ ಸೊಸೆಯ ಗುಳಿಗೆ ಡಬ್ಬಿಯನ್ನು ದೇವರ ಜಗಲಿಯ ಮೇಲೆ ಇಟ್ಟಳಂತೆ. ಕ್ಷಮೆ ಕೇಳುವ ಅಭ್ಯಾಸವಿಲ್ಲದ ಮನೆಗಳಲ್ಲಿ ಹೀಗೆಲ್ಲ ನಡೆಯುತ್ತದೆ.

1997ರಲ್ಲಿ ರಾಯಚೂರಿನಿಂದ ಒಡೆದು ಕೊಪ್ಪಳ ಜಿಲ್ಲೆಯಾಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಅವರ ಸಂಗಡಿಗರು ಇಲ್ಲಿಯ ಹಳ್ಳಿಗಳಲ್ಲಿ ಹೆಂಗಸರ ಆರೋಗ್ಯದ ಕೆಲಸ ಹಿಡಿದರು. ತಾಯಂದಿರು ಏಕೆ ಸತ್ತರು ಎಂದು ಗಂಡನನ್ನು, ತವರಿನವರನ್ನು, ನರ್ಸನ್ನು ಬೇರೆ ಬೇರೆ ಕೂರಿಸಿ ಕೇಳಿ, ಒಂದೇ ಸಾವಿನ ಹಲವು ಕಥೆಗಳನ್ನು ಎದುರುಬದುರು ಇಟ್ಟು ನೋಡುವ ವಿಧಾನ ಅವರದು. ಆಶಾ ಜಾರ್ಜ್ 2007ರಲ್ಲಿ ಕೊಪ್ಪಳದ ಬಗ್ಗೆಯೇ ಬರೆದ ಲೇಖನದಲ್ಲಿ ಹೇಳಿದ್ದು, ಇಲ್ಲಿ ಆರೈಕೆ ತುಂಡು ತುಂಡಾಗಿದೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವುದಕ್ಕೆ ತಲೆಬುಡವಿಲ್ಲ, ಕೆಳಗಿನ ಆರೋಗ್ಯ ಸಿಬ್ಬಂದಿಗೆ ಬೆನ್ನ ಹಿಂದೆ ನಿಲ್ಲುವವರಿಲ್ಲ ಎಂದು. ನಮ್ಮ ಅಜ್ಜಿ-ಅತ್ತೆಯರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು, ಕೇಳುವವರು ಇರಲಿಲ್ಲ.

ಆಮೇಲೆ ಬಹಳಷ್ಟು ಬದಲಾಯಿತು, ಅದನ್ನು ಮರೆಮಾಚುವುದು ಕೃತಘ್ನತೆ. 2005ರಿಂದ ಆಶಾ ಕಾರ್ಯಕರ್ತೆಯರು ಬಂದರು. 2008ರ ನವೆಂಬರಿನಲ್ಲಿ 108ರ ಗಾಡಿ ಬಂತು. 2015ರಲ್ಲಿ ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜು ಶುರುವಾಯಿತು. ಕರ್ನಾಟಕದಲ್ಲಿ 2001-03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರೆ 2018-20ಕ್ಕೆ ಅದು 69ಕ್ಕೆ ಇಳಿಯಿತು. 2019ರಲ್ಲಿ ಗಂಗಾವತಿಗೆ, 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಅಜ್ಜಿ ನಡೆದುಹೋದ ಸೀಮೆಯಿಂದ ಈಗ ಹುಬ್ಬಳ್ಳಿಗೆ ಕೂತುಕೊಂಡು ಹೋಗಬಹುದು. ಆದರೂ 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದು ಐವರು ತೀರಿಕೊಂಡಾಗ, ಏರಿಸಿದ ದ್ರಾವಣದ ಮೇಲೆ ಸಂಶಯ ಬಂದು ಅದರ ಬಳಕೆಯನ್ನು ನಿಲ್ಲಿಸಿದಾಗ, ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬಸುರಿಯರು ರಾತ್ರಿ ನಿದ್ದೆ ಮಾಡಲಿಲ್ಲ. ಸತ್ತವರ ಹೆಸರು ಪತ್ರಿಕೆಯಲ್ಲಿ ಬಂತು. ಅದೇ ವಾರ್ಡಿನಿಂದ ಬದುಕಿ ಮನೆಗೆ ಹೋದವರು ಈಗ ಹೇಗಿದ್ದಾರೆ ಎಂಬುದು ಸುದ್ದಿಯಲ್ಲ.

ನನ್ನ ಮನಸ್ಸನ್ನು ಕೊರೆಯುವುದು ಆ ದಿನಗಳ ಲೆಕ್ಕವೇ. ಹೆರಿಗೆಯಾದ ಹೆಂಗಸಿಗೆ ಕಾನೂನಿನ ಬಿಡುವು ಎಂಬ ವಿಚಾರ ನಮ್ಮ ಪಕ್ಕದ ಮುಂಬಯಿ ಪ್ರಾಂತಕ್ಕೆ ಬಂದದ್ದು 1929ರಲ್ಲಿ. ಅದರ ಹಿಂದಿನ ವರ್ಷ ಅಂಬೇಡ್ಕರರು ಆ ವಿಧೇಯಕದ ಪರವಾಗಿ ಶಾಸನಸಭೆಯಲ್ಲಿ ಮಾತಾಡಿದ್ದರು. ಅದು ಕಾರ್ಖಾನೆಯ ಹೆಂಗಸರಿಗೆ ಮಾತ್ರ. 1961ರ ಕಾಯಿದೆ ಹೆರಿಗೆಯ ಮೇಲೆ ಆರು ವಾರ ಕೆಲಸ ಮಾಡಿಸಕೂಡದು ಎಂದಿತು. 2017ರಲ್ಲಿ ಸಂಬಳದ ರಜೆ 26 ವಾರಕ್ಕೆ ಏರಿತು. ಬ್ಯಾಂಕಿನಲ್ಲಿ ಇರುವ ನನ್ನ ಸೊಸೆಗೆ ಅದು ಸಿಕ್ಕಿತು, ಅವಳು ಪುಣ್ಯವಂತೆ. ನಮ್ಮ ಮನೆಯ ಪಾತ್ರೆ ತೊಳೆಯುವ ಹುಡುಗಿ ಸಿಜೇರಿಯನ್ ಆಗಿ ಇಪ್ಪತ್ತನೆಯ ದಿನಕ್ಕೆ ಬಂದು ಬಾಗಿಲಲ್ಲಿ ನಿಂತಳು. ಎರಡು ತಿಂಗಳ ಸಂಬಳ ಕೊಟ್ಟು ಹಿಂದೆ ಕಳಿಸಿದೆವು. ಇನ್ನುಳಿದ ಮೂರು ಮನೆಗಳವರು ಬೇರೆಯವಳನ್ನು ಇಟ್ಟುಕೊಂಡಿದ್ದರು. ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು, ಒಳ್ಳೆಯದೇ. ಆದರೆ ಹಸಿ ಬಾಣಂತಿ ಕೂಸು ಎತ್ತಿಕೊಂಡು ಬಿಸಿಲಲ್ಲಿ ಉಣ್ಣಲು ನಡೆದು ಬರಬೇಕೆಂದು ಬರೆದವರು ಎಂದೂ ಬಾಣಂತನ ಮಾಡಿದವರಲ್ಲ.

ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿರಿ. ಹೆರಿಗೆಯ ನಂತರದ ಭೇಟಿಗಳು ನಲವತ್ತೆರಡನೆಯ ದಿನಕ್ಕೆ ಮುಗಿಯುತ್ತವೆ. ತಾಯಿಯ ಸಾವಿನ ಲೆಕ್ಕವೂ ಲೋಕದಲ್ಲೆಲ್ಲ ಆ ದಿನಕ್ಕೇ ಮುಗಿಯುತ್ತದೆ. ಅಜ್ಜಿಯ ಐವತ್ತು ವರ್ಷಕ್ಕೆ, ಅತ್ತೆಯ ಇಪ್ಪತ್ತಮೂರು ವರ್ಷಕ್ಕೆ ಅಲ್ಲಿ ಪುಟವಿಲ್ಲ.

ಅತ್ತೆ ಮಾತ್ರ ತನ್ನದೇ ಒಂದು ಪುಟ ತೆರೆದಳು. ಗುಳಿಗೆ ಹಿಡಿದ ಮೇಲೆ ಅವಳು ಗವಿಮಠದ ಜಾತ್ರೆಗೆ ವರ್ಷವೂ ತಪ್ಪದೆ ಹೋಗುವಳು. ತೇರಿಗಿಂತ ಹೆಚ್ಚಾಗಿ ಅವಳ ಕಣ್ಣು ಹೆಂಗಸರ ಮೇಲೆ. ಸಾಲಿನಲ್ಲಿ ಪ್ರಸಾದಕ್ಕೆ ಕೂತವರಲ್ಲಿ ಬಿಳಿಚಿಕೊಂಡವಳು, ಹುಬ್ಬು ಉದುರಿದವಳು, ಬಿಸಿಲಲ್ಲೂ ಸೆರಗು ಬಿಗಿದು ನಡುಗುವವಳು ಕಂಡರೆ ಹತ್ತಿರ ಹೋಗಿ ಕೂತು, ಊರು ಕೇರಿ ವಿಚಾರಿಸಿ, ಆಮೇಲೆ ಸಣ್ಣ ದನಿಯಲ್ಲಿ ಆ ಎರಡು ಪ್ರಶ್ನೆ: "ಕಡೀ ಹೆರಿಗಿಯಾಗ ಹಾಲು ಬಂದಿದ್ವೇನವಾ? ಮುಟ್ಟು ತಿರುಗಿ ಬಂತೇನು?" ಬಹಳ ಮಂದಿ ನಕ್ಕು ಎದ್ದು ಹೋಗುವರು. ಕೆಲವರು ಬೈದದ್ದೂ ಉಂಟು. ಕುಕನೂರಿನ ಕಡೆಯ ಒಬ್ಬಾಕೆ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಇಲ್ಲ ಎಂದು ತಲೆಯಾಡಿಸಿದಳು. ಅತ್ತೆ ಅಲ್ಲಿಯೇ ತನ್ನ ಚೀಲದಿಂದ ಹುಬ್ಬಳ್ಳಿಯ ಚೀಟಿ ತೆಗೆದು ಅವಳ ಗಂಡನ ಕೈಗೆ ಕೊಟ್ಟು, ಸೋಮವಾರ ಯಾವ ಗಾಡಿಗೆ ಹೊರಡಬೇಕು, ಯಾವ ಬಾಗಿಲಲ್ಲಿ ಚೀಟಿ ಮಾಡಿಸಬೇಕು ಎಂದು ಹೇಳಿದಳು.